ಕೋಟೆ ಕಟ್ಟೋ ಮಕ್ಕಳು, ನಮ್ಮೂರ ವೀರಗಲ್ಲು

ಪುಣೆಗೆ ಬಂದು 14 ವರ್ಷ ಆಯ್ತು. ಇಲ್ಲಿ ದೀಪಾವಳಿ ಅಂದ್ರೆ ನಂಗೆ ಪಟಾಕಿಗಿಂತ ಇಷ್ಟ ಆಗೋದು ಮಕ್ಕಳು ಕಟ್ಟೋ ಕೋಟೆ. ಕಲ್ಲು ಇಟ್ಟಿಗೆ ಪೇರಿಸಿ, ಮೇಲೆ ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ, ಸಾಸಿವೆ ಎರಚಿ ದಿನಾ ನೀರು ಚಿಮುಕಿಸ್ತಾರೆ, ಹಬ್ಬದ ಹೊತ್ತಿಗೆ ಗುಡ್ಡ ಹಸಿರಾಗಿರತ್ತೆ, ತುದೀಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜ್ರು, ಬಾಗಿಲಲ್ಲಿ ಮಣ್ಣಲ್ಲಿ ಮಾಡಿದ ಅವರ ಮಾವಳೆ ಸೈನಿಕರು. ಹೋದ್ಸಲ ನನ್ ಮಗಂಗೂ ಅವನ ಫ್ರೆಂಡ್ಸ್‌ಗೂ ಬಾಗಿಲ ವಿಷ್ಯಕ್ಕೆ ಜಗಳವೇ ಆಯ್ತು. ನೇರಕ್ಕಿಟ್ರೆ ಆನೆ ಓಡ್ಬಂದು ಗುದ್ದತ್ತಪ್ಪಾ, ದಾರಿ ತಿರುಗಿಸಿದ್ರೆ ಅದಕ್ಕೆ ಓಡೋಕೆ ಜಾಗ ಸಿಗಲ್ಲ ಅಂತ ನಂಗೇ ಪಾಠ ಹೇಳಿದ. ಶಿವಾಜಿಯ ರಾಜಧಾನಿಯಾಗಿದ್ದ ರಾಯಗಡದ ಮಹಾದ್ವಾರ ಹಂಗೇ ಇದೆ, ಹತ್ರ ಹೋಗೋವರೆಗೂ ಬಾಗಿಲು ಕಾಣಲ್ಲ.

ಅವನು ಓದಿದ್ದು ಇಲ್ಲಿನ ಸ್ಟೇಟ್ ಬೋರ್ಡ್. ಮೂರನೇ ಕ್ಲಾಸಲ್ಲಿ ಪರಿಸರ ಅಭ್ಯಾಸ ಅನ್ನೋ ಪುಸ್ತಕ ಜಿಲ್ಲೆ ಜಿಲ್ಲೆಗೂ ಬೇರೆ, ಪುಣೆ ಮಕ್ಕಳಿಗೆ ಪುಣೆ ಜಿಲ್ಲೆದು, ಸಾತಾರಾ ಮಕ್ಕಳಿಗೆ ಸಾತಾರಾದ್ದು. ನಾಲ್ಕನೇ ಕ್ಲಾಸಿಗೆ ಇಡೀ ಒಂದು ಪುಸ್ತಕ ಶಿವಾಜಿದೇ.

ಆ ರಜೆಗೇ ಊರಿಗೆ ಕರ್ಕೊಂಡ್ ಹೋದೆ. ಮಂಡ್ಯ ಕಡೆ ನಮ್ಮೂರು. ಕೆರೆ ಏರಿ ಪಕ್ಕ ಒಂದು ವೀರಗಲ್ಲಿದೆ, ಸಣ್ಣವರಿದ್ದಾಗ ಅದರ ಮೇಲೆ ಬ್ಯಾಗ್ ಇಟ್ಟು ಆಡ್ತಿದ್ವಿ. ಕೆಳಗಿನ ಸಾಲಲ್ಲಿ ಬಿಲ್ಲು ಹಿಡಿದೋನು, ಅವನ ಹಿಂದೆ ದನಗಳು, ನಡುವೆ ಅವನನ್ನ ಅಪ್ಸರೆಯರು ಎತ್ಕೊಂಡ್ ಹೋಗ್ತಿದ್ದಾರೆ, ಮೇಲೆ ಶಿವಲಿಂಗದ ಮುಂದೆ ಕೂತಿದ್ದಾನೆ. ಮಗ ಕೇಳ್ದ, ಇವನ್ಯಾರಪ್ಪ ಅಂತ. ನಂಗೆ ಗೊತ್ತಿರ್ಲಿಲ್ಲ. ಹತ್ತು ವರ್ಷ ಅದೇ ದಾರೀಲಿ ಶಾಲೆಗೆ ನಡ್ದೋನು ನಾನು, ಗಂಗರು ರಾಷ್ಟ್ರಕೂಟರು ಇಸವಿ ಸಮೇತ ಬಾಯಿಪಾಠ ಮಾಡಿದ್ದೆ, ಆದ್ರೆ ಆ ಕಲ್ಲಿಗೂ ಪುಸ್ತಕಕ್ಕೂ ಸಂಬಂಧ ಇದೆ ಅಂತ ಯಾರೂ ತೋರಿಸಿರ್ಲಿಲ್ಲ. ಊರಿನ ದನ ಹೊಡ್ಕೊಂಡ್ ಹೋಗೋಕೆ ಬಂದೋರನ್ನ ತಡೆಯೋಕೆ ಹೋಗಿ ಸತ್ತೋನು ಅವನು, ತುರುಗಾಳಗ ಅಂತಾರೆ ಅದನ್ನ, ಇದು ನಂಗೆ ತಿಳಿದಿದ್ದು ನಲವತ್ತು ದಾಟಿದ ಮೇಲೆ.

ಇದು ತುಂಬಾ ನೋವಿನ ವಿಷ್ಯ ನಂಗೆ, ಯಾಕಂದ್ರೆ ನಮ್ಮಲ್ಲಿ ಸಾಮಗ್ರಿಗೇನೂ ಕೊರತೆ ಇಲ್ಲ. ಬ್ರಿಟಿಷರ ಕಾಲದ ಶಾಸನತಜ್ಞ ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆ ಸುತ್ತಿ 8,000ಕ್ಕೂ ಹೆಚ್ಚು ಶಾಸನ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಂದ್ರು, ಅದೂ ತಾಲ್ಲೂಕುವಾರು. ಅಂದ್ರೆ ಒಬ್ಬ ಮೇಷ್ಟ್ರು ಮನಸ್ಸು ಮಾಡಿದ್ರೆ ತಮ್ಮ ಶಾಲೆ ಸುತ್ತಮುತ್ತ ಯಾವ ಕಲ್ಲಲ್ಲಿ ಏನು ಬರ್ದಿದೆ ಅಂತ ಹುಡುಕ್ಬೋದು. ಮದ್ದೂರು ತಾಲ್ಲೂಕಿನ ಆತಕೂರು ಶಾಸನವನ್ನೇ ತಗೊಳ್ಳಿ, ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರ ಕಾದಿದ ಗಂಗರ ಬೂತುಗ, ಚೋಳ ರಾಜಾದಿತ್ಯನನ್ನ ಕೊಂದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಬೂತುಗನ ಕಡೆಯ ವೀರ ಮಣಲೇರ, ನಿಂಗೇನು ಬೇಕು ಅಂತ ಬೂತುಗ ಕೇಳಿದ್ರೆ, ಕಾಳಿ ಅನ್ನೋ ನಾಯಿ ಕೊಡಿ ಅಂದ. ಆ ಕಾಳಿ ಒಂದು ಭಾರೀ ಹಂದಿ ಜೊತೆ ಹೋರಾಡಿ ಎರಡೂ ಸತ್ವು. ಅದಕ್ಕೆ ಕಲ್ಲು ನೆಡ್ಸಿ, ಭೂಮಿ ಬಿಟ್ಟು, ಈ ಕಲ್ಲಿಗೆ ಪೂಜೆ ಮಾಡ್ದೆ ಗೊರವ, ಅಂದ್ರೆ ಶೈವ ಪೂಜಾರಿ, ಉಂಡ್ರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಬರ್ಸಿದ್ದಾರೆ! ಕಲ್ಲು ಈಗ ಬೆಂಗಳೂರು ಮ್ಯೂಸಿಯಂನಲ್ಲಿದೆ. ಈ ಕಥೆ ಕೇಳಿದ ಮಗು ಮೂರನೇ ಕೃಷ್ಣ ಯಾರು, ಚೋಳರ ಜೊತೆ ಯಾಕೆ ಯುದ್ಧ ಅಂತ ತಾನೇ ಕೇಳತ್ತೆ.

ಇಲ್ಲಿನ ಪದ್ಧತಿ ಎಲ್ಲಾ ಸರಿ ಅಂತ ನಾನು ಹೇಳಲ್ಲ. ಶಿವಾಜಿ ಒಬ್ಬರ ಮೇಲೇ ಇಷ್ಟು ಬೆಳಕು ಬಿದ್ದಾಗ ಉಳಿದವ್ರು ಕತ್ತಲಲ್ಲಿ ಉಳೀತಾರೆ. ಎಲ್ಲೋರಾ ಕೈಲಾಸ ದೇವಾಲಯ ಕೊರೆಸಿದ್ದು ರಾಷ್ಟ್ರಕೂಟರ ಒಂದನೇ ಕೃಷ್ಣ, ಸೊಲ್ಲಾಪುರದಲ್ಲಿ ಕೆರೆ ತೋಡ್ಸಿದ್ದು ಕನ್ನಡದಲ್ಲಿ ವಚನ ಬರೆದ ಸಿದ್ಧರಾಮ, ಇದು ನನ್ನ ಮರಾಠಿ ಗೆಳೆಯರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಂಗೇ ಶ್ರವಣಬೆಳಗೊಳದ ಗೊಮ್ಮಟನ ಪಾದದ ಹತ್ರ ಕನ್ನಡ, ತಮಿಳು ಜೊತೆಗೆ ಮರಾಠಿ ಬರಹಾನೂ ಇದೆ ಅಂತ ನಮ್ಮವ್ರಿಗೆ ಗೊತ್ತಿಲ್ಲ. ರಾಜ್ಯದ ಹೆಮ್ಮೆ ಹೇಳೋ ಇತಿಹಾಸ ಬೇರೆ, ಕಾಲಡಿ ಇರೋ ಇತಿಹಾಸ ಬೇರೆ. ನಂಗೆ ಬೇಕಾಗಿರೋದು ಎರಡನೇದು, ಅದು ಗಡಿ ನೋಡಲ್ಲ.

ಮೇಷ್ಟ್ರುಗಳಿಗೆ ಸಿಲೆಬಸ್ ಮುಗಿಸೋಕೇ ಟೈಮ್ ಸಾಲಲ್ಲ, ಗೊತ್ತು. ಪರೀಕ್ಷೆಗೆ ಬರದೇ ಇರೋದನ್ನ ಯಾಕೆ ಅಂತ ಅಪ್ಪ ಅಮ್ಮಂದಿರೂ ಕೇಳ್ತಾರೆ. ಅದಕ್ಕೇ ಹೊಸ ಪುಸ್ತಕ ಬೇಡ, ಹೊಸ ಮಾರ್ಕ್ಸೂ ಬೇಡ, ತಿಂಗಳಿಗೆ ಒಂದು ಪೀರಿಯಡ್ ಮಕ್ಕಳನ್ನ ಊರೊಳಗೆ ಕರ್ಕೊಂಡ್ ಹೋಗ್ಲಿ. ಸಂಜೆ ಹೊತ್ತಲ್ಲಿ ಟಾರ್ಚ್‌ನ ಕಲ್ಲಿಗೆ ಎದುರಾಗಿ ಹಿಡೀದೆ ಪಕ್ಕದಿಂದ ಓರೆಯಾಗಿ ಹಿಡಿದ್ರೆ ಸವೆದ ಅಕ್ಷರಾನೂ ನೆರಳಲ್ಲಿ ಎದ್ದು ಕಾಣ್ತವೆ. ನಾವಿಬ್ರೂ ಹಂಗೇ ಮಾಡಿದ್ವಿ. ಕಲ್ಲಿನ ಅಂಚಲ್ಲಿ ಒಂದು 'ಗ', ಒಂದು 'ನ' ಸಿಕ್ತು, ಉಳಿದಿದ್ದು ರಸ್ತೆ ಎತ್ತರ ಮಾಡ್ದಾಗ ಹಾಕಿದ ಮಣ್ಣಲ್ಲಿ ಹೂತಿದೆ.