ಪಂಕ್ತಿಯಲ್ಲಿ ಕೂರದವರ ಪರವಾಗಿ

ಬಾಯಿ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದವರನ್ನು ಮದುವೆಗೆ ಕರೆಯುತ್ತೀರಿ. ಅವರು ಬರುತ್ತಾರೆ, ಅಕ್ಷತೆ ಹಾಕುತ್ತಾರೆ, ಮುಯ್ಯಿ ಕೊಡುತ್ತಾರೆ, ಊಟದ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಾರೆ. ಕೇಳಿದರೆ ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ. ಬಸ್ಸಿಗೆ ಹೊತ್ತಾಗಿರುವುದಿಲ್ಲ.

ನಾನೂ ಆ ಪೈಕಿಯವನೇ. ಕೆನ್ನೆಯ ಒಳಗೆ ಗಡ್ಡೆ, ಶಸ್ತ್ರಚಿಕಿತ್ಸೆ, ಆಮೇಲೆ ನಮ್ಮ ಕಡೆ ‘ಕರೆಂಟ್ ಕೊಡುವುದು’ ಎನ್ನುತ್ತಾರಲ್ಲ, ಆ ವಿಕಿರಣ ಚಿಕಿತ್ಸೆ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6 ವಾರಗಳ ಆಸುಪಾಸು ಅದು ನಡೆಯುತ್ತದೆ. ವಿಚಿತ್ರವೆಂದರೆ ಆಗ ನಾನು ಒಂಟಿಯಾಗಿರಲಿಲ್ಲ. ಸರದಿಗೆ ಕಾದು ಕುಳಿತವರೆಲ್ಲ ನನ್ನಂಥವರೇ. ಮೂಗಿನಲ್ಲಿ ನಳಿಕೆ, ಕಪ್ಪುಗಟ್ಟಿದ ಕುತ್ತಿಗೆ. ನಮ್ಮ ಹೆಂಡತಿಯರು ರಾಗಿ ಗಂಜಿ ಎಷ್ಟು ತೆಳ್ಳಗಿದ್ದರೆ ನಳಿಕೆ ಕಟ್ಟುವುದಿಲ್ಲ ಎಂದು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದರು. ಮನೆಗೆ ಬಂದರೆ ನೆಂಟರ ಸಂತೆ. ಕೊನೆಯ ದಿನ ಮುಗಿದು, ‘ಇನ್ನು ತಪಾಸಣೆಗೆ ಬಂದರೆ ಸಾಕು’ ಎಂದರು. ಅಲ್ಲಿಂದ ಮುಂದೆ ಸರದಿಯೂ ಇಲ್ಲ, ಸಂತೆಯೂ ಇಲ್ಲ.

ನೆಂಟರ ಲೆಕ್ಕದಲ್ಲಿ ಕಾಯಿಲೆ ಅಲ್ಲಿಗೆ ಮುಗಿಯಿತು. ದೇಹದ ಲೆಕ್ಕ ಬೇರೆ. ವಿಕಿರಣವು ಜೊಲ್ಲಿನ ಗ್ರಂಥಿಗಳಿಗೂ ಪೆಟ್ಟು ಕೊಡುತ್ತದೆ, ಬಾಯಿ ಒಣಗುತ್ತದೆ. ಚಪಾತಿ ಗಂಟಲಲ್ಲಿ ಇಳಿಯದು, ಮೆಣಸಿನಕಾಯಿ ಸೋಕಿದರೆ ಸಾಕು ಉರಿ. ದವಡೆಯ ಸ್ನಾಯುಗಳು ಬಿಗಿಯುತ್ತವೆ. ಆರೋಗ್ಯವಂತರ ಬಾಯಿಯಲ್ಲಿ ಸುಮಾರಾಗಿ ಅವರದೇ ಮೂರು ಬೆರಳು ಹಿಡಿಸುತ್ತವೆ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ವೈದ್ಯರು ಅದನ್ನು ದವಡೆ ಬಿಗಿತವೆಂದು ಎಣಿಸುತ್ತಾರೆ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತೂರಿಸಿ ವ್ಯಾಯಾಮ ಮಾಡಬೇಕು. ಒಂದು ಕಡ್ಡಿ ಹೆಚ್ಚು ಹಿಡಿಸಿದ ದಿನ ನನಗೆ ಹಬ್ಬ. ಆ ಹಬ್ಬವನ್ನು ಯಾರಿಗೆ ಹೇಳಿಕೊಳ್ಳಲಿ?

ತುಟಿಯ ಒಂದು ಬದಿಗೆ ಸ್ಪರ್ಶವೇ ಇಲ್ಲದಿರುವುದರಿಂದ ಸಾರು ಸೋರಿದ್ದು ನನಗೆ ಗೊತ್ತಾಗುವುದಿಲ್ಲ. ಎದುರು ಕುಳಿತವರ ಕಣ್ಣು ನೋಡಿ ತಿಳಿದುಕೊಳ್ಳಬೇಕು. ನಮ್ಮಲ್ಲಿ ಸ್ನೇಹ, ಸಂಬಂಧ, ಮುನಿಸು, ರಾಜಿ ಎಲ್ಲವೂ ಎಲೆಯ ಮುಂದೆಯೇ ನಡೆಯುತ್ತವೆ. ಜೊತೆಗೆ ಉಣ್ಣಲಾರದವನು ಇದೆಲ್ಲದರಿಂದ ತಾನೇ ಜಾರಿಹೋಗುತ್ತಾನೆ. ಯಾರೂ ಅವನನ್ನು ಹೊರಗಿಟ್ಟಿರುವುದಿಲ್ಲ, ಹಾಗಾಗಿ ದೂರುವುದಕ್ಕೂ ಯಾರೂ ಸಿಗುವುದಿಲ್ಲ. ಮನೆಯಲ್ಲಿ ನನ್ನವಳು ಎರಡು ಬಗೆಯ ಅಡುಗೆ ಮಾಡಿ, ನಾನು ಉಣ್ಣುವುದು ಮುಗಿಯಲೆಂದು ಕಾದು, ಕೊನೆಗೆ ಒಬ್ಬಳೇ ಉಣ್ಣುತ್ತಾಳೆ. ಅವಳ ಒಂಟಿತನದ ಬಗ್ಗೆ ಯಾವ ವೈದ್ಯರೂ ಕೇಳಿಲ್ಲ.

ಇನ್ನೊಂದು ಮಾತು. ಬೇರೆ ಕ್ಯಾನ್ಸರಿಗೆ ಸಿಗುವ ಕನಿಕರ ಬಾಯಿ ಕ್ಯಾನ್ಸರಿಗೆ ಸಿಗುವುದಿಲ್ಲ. ‘ತಂಬಾಕು ಜಗಿಯುತ್ತಿದ್ದಿರಾ?’ ಎಂಬ ಪ್ರಶ್ನೆಯನ್ನು ವೈದ್ಯರು ಕೇಳಿದರೆ ಅದು ಚಿಕಿತ್ಸೆ, ನೆಂಟರು ಕೇಳಿದರೆ ತೀರ್ಪು. ನಾನು ಜಗಿಯುತ್ತಿದ್ದೆನೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದ ಕ್ಷಣದಿಂದ ನಿಮ್ಮ ಕನಿಕರದ ತಕ್ಕಡಿ ಏಳುತ್ತದೆ ಇಲ್ಲವೇ ಬೀಳುತ್ತದೆ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೂ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಎಂದು ಬೇರೆ ಬೇರೆ ಮಾರಿ ಗಿರಾಕಿಯ ಅಂಗೈಯಲ್ಲೇ ಬೆರೆಸುವ ವ್ಯಾಪಾರ ನಡೆದೇ ಇದೆ. ನಾಚಿಕೆ ಮಾತ್ರ ಪೂರ್ತಿಯಾಗಿ ರೋಗಿಯ ಪಾಲಿಗೆ.

‘ಗೆದ್ದು ಬಂದಿರಿ, ಬಿಡಿ’ ಎನ್ನುವವರ ಮೇಲೂ ನನಗೆ ತಕರಾರಿದೆ. ಈ ಕಾಯಿಲೆ ಮರುಕಳಿಸುವ ಸಾಧ್ಯತೆ ಮೊದಲ ಎರಡು ವರ್ಷಗಳಲ್ಲೇ ಹೆಚ್ಚು. ತಪಾಸಣೆಯ ಹಿಂದಿನ ರಾತ್ರಿ ಕನ್ನಡಿಯ ಮುಂದೆ ಟಾರ್ಚ್ ಹಿಡಿದು ಬಾಯೊಳಗೆ ಹುಡುಕುವವನಿಗೆ ಗೆದ್ದವನೆಂದು ಹಾರ ಹಾಕಿದರೆ, ಅವನು ತನ್ನ ಭಯವನ್ನು ಯಾರ ಹತ್ತಿರವೂ ಹೇಳದ ಹಾಗೆ ಬಾಯಿ ಹೊಲಿದಂತೆ. ‘ಒಳ್ಳೆಯದನ್ನೇ ಯೋಚಿಸಿ’ ಎಂಬ ಉಪದೇಶವೂ ಅಷ್ಟೇ.

ಹಾಗಾದರೆ ಯಾರು ಬೇಕು? ಮನೆಯವರ ಪ್ರೀತಿ ದೊಡ್ಡದು, ಆದರೆ ಅದೊಂದೇ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯವರ ಮುಂದೆ ನಾವು ಧೈರ್ಯದ ವೇಷ ಕಟ್ಟುತ್ತೇವೆ, ಅವರು ನಮ್ಮ ಮುಂದೆ ಕಟ್ಟುತ್ತಾರೆ. ಅದೇ ದಾರಿಯಲ್ಲಿ ಎರಡು ವರ್ಷ ಮುಂದೆ ನಡೆದ ಇನ್ನೊಬ್ಬ ರೋಗಿಯ ಮುಂದೆ ಆ ವೇಷ ನಿಲ್ಲುವುದಿಲ್ಲ. ನನಗೆ ಅಂಥವರೊಬ್ಬರು ಔಷಧಿ ಅಂಗಡಿಯಲ್ಲಿ ಆಕಸ್ಮಿಕವಾಗಿ ಸಿಕ್ಕರು. ನಾವಿಬ್ಬರೂ ಈಗ ಆಗಾಗ ಹೋಟೆಲಿಗೆ ಹೋಗಿ ಇಡ್ಲಿಯನ್ನು ಸಾಂಬಾರಿನ ಬದಲು ಹಾಲಿನಲ್ಲಿ ನೆನೆಸಿ ತಿನ್ನುತ್ತೇವೆ. ಮಾಣಿಗೆ ಅಭ್ಯಾಸವಾಗಿದೆ. ಆದರೆ ಇದು ಆಕಸ್ಮಿಕವಾಗಿಯೇ ಆಗಬೇಕೇ? ಆಯುಷ್ಮಾನ್ ಕಾರ್ಡಿನಲ್ಲಿ ಶಸ್ತ್ರಚಿಕಿತ್ಸೆಗೂ ವಿಕಿರಣಕ್ಕೂ ಕೀಮೋಗೂ ಹಣವಿದೆ. ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರು ಪುಟ ತುಂಬ ಇತ್ತು. ಆಪ್ತ ಸಮಾಲೋಚಕರ ಬಗ್ಗೆಯಾಗಲಿ, ಮಾತು ಕಲಿಸುವವರ ಬಗ್ಗೆಯಾಗಲಿ ಒಂದು ಸಾಲೂ ಇರಲಿಲ್ಲ.

ಮಾತು ತೊದಲುವವರು, ನುಂಗಲು ಕಷ್ಟವಾಗುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಮಾತು ಅಷ್ಟಿಷ್ಟು ತಿಳಿಯಾದರೆ ಅರ್ಧ ಒಂಟಿತನ ಅಲ್ಲೇ ಕರಗುತ್ತದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು. ರೋಗಿಗೆ ಮಾತು ಹೊರಡದಿದ್ದರೆ ಮನೆಯವರು ತಮ್ಮ ಸಂಕಟಕ್ಕಾಗಿಯೇ ಕರೆ ಮಾಡಲಿ, ತಪ್ಪೇನಿಲ್ಲ.

ದಾವಣಗೆರೆಯ ಸುತ್ತಮುತ್ತ ಇದೇ ಕಾಯಿಲೆಯಿಂದ ಎದ್ದವರಿದ್ದರೆ ಮೆಸೆಂಜರಿನಲ್ಲಿ ಎರಡು ಸಾಲು ಬರೆಯಿರಿ, ಹೋಟೆಲಿನ ಆ ಮೇಜಿನಲ್ಲಿ ಜಾಗವಿದೆ. ಫೋನ್ ಮಾತ್ರ ಮಾಡಬೇಡಿ. ನನ್ನ ಮಾತು ನಿಮಗೆ ತಿಳಿಯದು, ನಿಮ್ಮದು ನನಗೆ ತಿಳಿಯದು, ಸುಮ್ಮನೆ ಇಬ್ಬರೂ ‘ಹಲೋ, ಹಲೋ’ ಎನ್ನುತ್ತಿರಬೇಕಾಗುತ್ತದೆ.