ಟೊಮೆಟೊ ಹೂ ಉದುರಿದರೆ ಯೂರಿಯಾ ಮದ್ದಲ್ಲ

"ಏಪ್ರಿಲ್‌ನಲ್ಲಿ ಟೊಮೆಟೊ ಹೂ ಉದುರುವುದು ಸಾರಜನಕ ಸಾಲದೆ, ಕುಂಡಕ್ಕೊಂದು ಚಮಚ ಯೂರಿಯಾ ಹಾಕಿ" ಎಂಬ ಸಂದೇಶ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ. ಕಾಯಿ ಕಟ್ಟದ ಹೂವಿನ ತೊಟ್ಟು ಗಂಟಿನ ಹತ್ತಿರ ಹಳದಿಯಾಗಿ ಕಳಚಿಕೊಳ್ಳುತ್ತದೆ. ಯೂರಿಯಾ ಸುರಿದರೆ ಎಲೆ ಸೊಕ್ಕುತ್ತದೆ ಅಷ್ಟೇ. ಒಣಮಣ್ಣಿಗೆ ಬಿದ್ದರಂತೂ ಬೇರು ಸುಡುತ್ತದೆ.

ತಾರಸಿಯಲ್ಲಿ ಶೇ. 50ರಷ್ಟು ಬಿಸಿಲು ತಡೆಯುವ ನೆರಳುಬಲೆಯನ್ನು ಗಿಡದ ತುದಿಗಿಂತ 2 ಅಡಿ ಮೇಲೆ ಕಟ್ಟಿ; ಗಿಡಕ್ಕೆ ತಾಗಿಸಿ ಹೊದಿಸಿದರೆ ಗಾಳಿಯಾಡದೆ ಇನ್ನಷ್ಟು ಬೇಯುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ, ತಳದ ತೂತಿನಿಂದ ನೀರು ಜಿನುಗುವವರೆಗೆ ಹಾಕಿ. ಮಣ್ಣಿನ ಮೇಲೆ 2 ಇಂಚು ಒಣಎಲೆ ಅಥವಾ ಕಬ್ಬಿನ ರವದಿ (ಒಣಗಿದ ಗರಿ) ಇರಲಿ. ಹೊಸದಾಗಿ ಬಿತ್ತುವವರು ಈ ಸೆಕೆಗಾಲದಲ್ಲಿ ಟೊಮೆಟೊ ಬಿಟ್ಟು ಬೆಂಡೆ, ಚವಳಿ (ಅಲಸಂದೆ) ಹಾಕುವುದೇ ಜಾಣತನ.