ಗಾಣದ್ದೋ ವರ್ಜಿನ್ನೋ ಅಂತ ಕೇಳೋ ಮೊದಲು ಕೊಬ್ಬರಿ ನೋಡಿ

ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದಿದ್ದು ಶೇಂಗಾದಿಂದ. ಎಣ್ಣೆ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ ಅನ್ನೋ ಸಣ್ಣ ಜಂಬ ನಮ್ಮ ದುರ್ಗದ ಜಿಲ್ಲೆಯವರಿಗೆ ಇದ್ದೇ ಇದೆ. ಆದರೆ ಕೊಬ್ಬರಿ ಎಣ್ಣೆ ಅಂದ ಕೂಡಲೇ ನಾವೂ ಬಾಟಲಿ ಮೇಲಿನ ಅಕ್ಷರಕ್ಕೆ ಮರುಳಾಗುತ್ತೇವೆ. ನನ್ನ ಮಾತು ಇಷ್ಟೇ: ತಲೆಗೆ ಹಚ್ಚೋಕೆ ಅಂತ ವರ್ಜಿನ್ ಎಣ್ಣೆಗೆ, ಅಂದರೆ ಹಸಿ ಕಾಯಿಯಿಂದ ತೆಗೆದ ಎಣ್ಣೆಗೆ, ಜಾಸ್ತಿ ದುಡ್ಡು ಸುರಿಯೋದು ದಂಡ. ಒಳ್ಳೆ ಕೊಬ್ಬರಿ ಹಾಕಿ ತೆಗೆದ ಗಾಣದೆಣ್ಣೆ ಧಾರಾಳ ಸಾಕು.

ಯಾಕೆ ಅಂದರೆ, ಕೂದಲಿಗೆ ಕೆಲಸ ಮಾಡುವುದು ಲಾರಿಕ್ ಆಮ್ಲ ಅನ್ನೋ ಕೊಬ್ಬಿನ ಆಮ್ಲ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಅದೇ. ಗಾಣದ್ದಿರಲಿ, ಮಿಲ್ಲಿನದ್ದಿರಲಿ, ರಿಫೈನ್ಡ್ ಇರಲಿ, ಈ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಅದರ ಕಣ ಚಿಕ್ಕದು, ನೇರ. ಹಾಗಾಗಿ ಕೂದಲಿನ ಒಳಗೇ ಇಳಿಯುತ್ತದೆ. 2003ರಲ್ಲಿ ಮುಂಬೈನ ಮ್ಯಾರಿಕೊ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನ ಪ್ರೋಟೀನ್ ಕಳೆದುಹೋಗುವುದನ್ನು ಎದ್ದು ಕಾಣುವಷ್ಟು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಕೊಬ್ಬರಿ ಎಣ್ಣೆ ಮಾರುವ ಕಂಪನಿಯದೇ ಅಧ್ಯಯನ ಅನ್ನುವುದೂ ನೆನಪಿರಲಿ. ಅಲ್ಲಿ ಹೋಲಿಸಿದ್ದು ಬೇರೆ ಬೇರೆ ಎಣ್ಣೆಗಳನ್ನೇ ಹೊರತು ಗಾಣ, ವರ್ಜಿನ್ ಅಂತಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ವರ್ಜಿನ್ ಎಣ್ಣೆ ಹಸಿ ಕಾಯಿಯದ್ದು. ತುರಿದು, ಹಾಲು ಹಿಂಡಿ, ಅದನ್ನು ಹುಳಿಯಲು ಬಿಟ್ಟೋ ಯಂತ್ರದಲ್ಲಿ ತಿರುಗಿಸಿಯೋ ಎಣ್ಣೆ ಬೇರೆ ಮಾಡುತ್ತಾರೆ. ಅಜ್ಜಿಯಂದಿರು ಅದೇ ಹಾಲನ್ನು ಗಸಿ ಕೆಂಪಗಾಗುವ ತನಕ ಕಾಯಿಸುತ್ತಿದ್ದರು. ಕಾಯಿಸಿದರೆ ಸತ್ವವೆಲ್ಲ ಹೋಯ್ತು ಅನ್ನೋದು ಪೂರ್ತಿ ನಿಜವಲ್ಲ. ಹಾಗೆ ತೆಗೆದ ಎಣ್ಣೆಯಲ್ಲೂ ಪಾಲಿಫಿನಾಲ್ ಅನ್ನೋ ಆಂಟಿಆಕ್ಸಿಡೆಂಟ್ ಸತ್ವ ಚೆನ್ನಾಗಿಯೇ ಇರುತ್ತದೆ. ಗಾಣಕ್ಕೆ ಬೇಕಾಗಿದ್ದು ಒಣ ಕೊಬ್ಬರಿ. ಅದರಲ್ಲಿ ಶೇ 60ಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಮಿಲ್ಲಿನ ಎಕ್ಸ್‌ಪೆಲ್ಲರ್‌ನಲ್ಲಿ ಕೊಬ್ಬರಿ ಬಿಸಿ ಮಾಡಿ ಗಟ್ಟಿಯಾಗಿ ಒತ್ತುತ್ತಾರೆ, ಎಣ್ಣೆ ಜಾಸ್ತಿ ಬರುತ್ತದೆ. ಇನ್ನು ರಿಫೈನ್ಡ್. ಬ್ಲೀಚ್ ಮಾಡುತ್ತಾರಂತೆ, ಬ್ಲೀಚಿಂಗ್ ಪೌಡರ್ ಹಾಕುತ್ತಾರಂತೆ ಅಂತ ವಾಟ್ಸಾಪ್‌ನಲ್ಲಿ ಹೆದರಿಸುತ್ತಾರೆ. ಅಲ್ಲಿ ಬಳಸುವುದು ಬಣ್ಣ ಹೀರುವ ಒಂದು ಜಾತಿಯ ಮಣ್ಣು. ಆಮೇಲೆ 200 ಡಿಗ್ರಿಗೂ ಮೇಲೆ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಪರಿಮಳ ಹೋಗುತ್ತದೆ, ವಿಟಮಿನ್ ಇ ಕಡಿಮೆಯಾಗುತ್ತದೆ. ಹಾಗಂತ ಅದು ವಿಷವಲ್ಲ.

ನನಗೆ ಸಿಟ್ಟು ಬರೋದು ಬೇರೆ ಕಡೆ. ‘ಮರದ ಗಾಣ’ ಅಂತ ಬೋರ್ಡ್ ಇದ್ದರೆ ಸಾಕು, ಒಳಗೆ ಬಿದ್ದ ಕೊಬ್ಬರಿ ಎಂಥದ್ದು ಅಂತ ಯಾರೂ ಕೇಳುವುದಿಲ್ಲ. ಕೆಟ್ಟ ಕೊಬ್ಬರಿಯನ್ನು ಚಂದನದ ಗಾಣಕ್ಕೆ ಹಾಕಿದರೂ ಕೆಟ್ಟ ಎಣ್ಣೆಯೇ ಬರುವುದು, ಅಲ್ವಾ? ಒಂದು ಕೊಬ್ಬರಿ ಬಟ್ಟಲು ಕೈಗೆ ತಗೊಳ್ಳಿ. ಮುರಿಯಿರಿ. ಚೆನ್ನಾಗಿ ಒಣಗಿದ್ದರೆ ಟಕ್ ಅಂತ ಮುರಿಯುತ್ತದೆ. ರಬ್ಬರ್ ಥರ ಬಾಗಿದರೆ ನೀರಿನಂಶ ಇನ್ನೂ ಇದೆ, ನಾಳೆ ಬೂಷ್ಟು ಗ್ಯಾರಂಟಿ. ಒಳಗೆ ಹಸಿರು, ಹಳದಿ, ಕಪ್ಪು ಚುಕ್ಕೆ ಕಂಡರೆ ವಾಪಸ್ ಇಡಿ. ತೀರಾ ಬೆಳ್ಳಗಿದ್ದರೂ ಸಂಶಯ ಪಡಿ. ಮೂಗಿನ ಹತ್ತಿರ ಹಿಡಿದಾಗ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಗಂಧಕದ ಹೊಗೆ ಕೊಟ್ಟಿದ್ದಾರೆ. ಕಮಟು ಬಂದರೆ ಕಥೆ ಮುಗೀತು. ಗಾಣದ ಎಣ್ಣೆಯನ್ನು ಸುಮ್ನೆ ಸೋಸಿ ಕೊಡುತ್ತಾರೆ, ರಿಫೈನ್ಡ್ ಥರ ತೊಳೆದು ಶುದ್ಧ ಮಾಡುವುದಿಲ್ಲ. ಕೊಬ್ಬರಿಯ ಕೊಳೆಯೆಲ್ಲ ಎಣ್ಣೆಗೇ ಬರುತ್ತದೆ. ಅದಕ್ಕೇ ಕೆಟ್ಟ ಕೊಬ್ಬರಿಯ ಗಾಣದೆಣ್ಣೆಗಿಂತ ರಿಫೈನ್ಡ್ ಎಣ್ಣೆಯೇ ವಾಸಿ ಅನ್ನುತ್ತೇನೆ ನಾನು. ಬೈಯುವವರು ಬೈಯಿರಿ.

ಚರ್ಮದ ವಿಷಯದಲ್ಲಿ ಮಾತ್ರ ವರ್ಜಿನ್‌ಗೆ ಸ್ವಲ್ಪ ಮರ್ಯಾದೆ ಕೊಡಬೇಕು. ಚರ್ಮ ಒಣಗಿ ತುರಿಸುವ ಅಟೋಪಿಕ್ ಡರ್ಮಟೈಟಿಸ್ ಇದ್ದವರಿಗೆ ಅದನ್ನು ಹಚ್ಚಿ ನೋಡಿದ ಫಿಲಿಪ್ಪೀನ್ಸ್‌ನ ಅಧ್ಯಯನ 2008ರಲ್ಲಿ ಬಂತು. ಆಲಿವ್ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿತ್ತು. ಮೈಕೈ ಒಡೆಯುವ ನಮ್ಮ ಚಳಿಗಾಲಕ್ಕೆ ಯಾವುದಾದರೂ ನಡೆಯುತ್ತದೆ. ಮೊಡವೆ ಏಳುವ ಮುಖಕ್ಕೆ ಯಾವುದೂ ಬೇಡ, ರಂಧ್ರ ಮುಚ್ಚಿಕೊಳ್ಳುತ್ತದೆ. ತಲೆಹೊಟ್ಟು ಇದ್ದರೆ ಎಣ್ಣೆ ಒತ್ತಿಕೊಂಡು ದಿನಗಟ್ಟಲೆ ಬಿಡಬೇಡಿ, ಜಾಸ್ತಿಯಾಗಬಹುದು.

ಎಣ್ಣೆ ಶುದ್ಧವೋ ಅಲ್ಲವೋ ಅಂತ ಫ್ರಿಜ್ಜಿನಲ್ಲಿಟ್ಟು ನೋಡುವ ಪರೀಕ್ಷೆ ಬಗ್ಗೆ ಒಂದು ಮಾತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಫ್ರಿಜ್ಜೂ ಬೇಡ. ಫ್ರಿಜ್ಜಿನಲ್ಲೂ ಗಟ್ಟಿಯಾಗದಿದ್ದರೆ ಖಂಡಿತ ಕಲಬೆರಕೆ. ಆದರೆ ಗಟ್ಟಿಯಾದ ಮಾತ್ರಕ್ಕೆ ಶುದ್ಧ ಅಂತ ಅಲ್ಲ. ತಾಳೆ ಬೀಜದ ಎಣ್ಣೆ ಬೆರೆಸಿದ್ದರೂ ಅದು ಗಟ್ಟಿಯಾಗುತ್ತದೆ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆ ತೋಟದ ನೆಂಟರಿದ್ದರೆ ಕೊಬ್ಬರಿ ಅವರಿಂದಲೇ ತನ್ನಿ, ಗಾಣದ ಮುಂದೆ ನಿಂತು ಆಡಿಸಿಕೊಳ್ಳಿ. ಗಾಣದವರು ಕೂಲಿ ಬೇಡ, ಹಿಂಡಿ ಬಿಟ್ಟುಹೋಗಿ ಅಂದರೆ ಮೊದಲು ಲೆಕ್ಕ ಹಾಕಿ. ಗಾಣದ ಹಿಂಡಿಯಲ್ಲಿ ಎಣ್ಣೆ ಜಾಸ್ತಿ ಉಳಿದಿರುತ್ತದೆ. ಮನೆಯಲ್ಲಿ ಹಸು ಇದ್ದವರಂತೂ ಬಿಟ್ಟು ಬರಲೇಬೇಡಿ.